ಏರ್‌ಲೈನ್ ಪೈಲಟ್ ಸಂದರ್ಶನ: ತಯಾರಿ ಸಾಂಬ್ರಾ ರನ್‌ವೇಯಿಂದಲೇ ಶುರುವಾಗಲಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬೆಳಗಾವಿಯ ಸಾಂಬ್ರಾದಲ್ಲಿ ಸೆಸ್ನಾ 172 (ಒಂದೇ ಎಂಜಿನ್ನಿನ ಚಿಕ್ಕ ವಿಮಾನ) ಹಾರಿಸಿ ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಪಡೆದಿದ್ದೇನೆ. ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನವನ್ನು, ಉಪಕರಣಗಳನ್ನಷ್ಟೇ ನೋಡಿಕೊಂಡು ಹಾರಿಸುವ ಅರ್ಹತೆ) ಕೂಡ ಇದೆ. ದೊಡ್ಡ ಏರ್‌ಲೈನ್ ಒಂದರ ಟ್ರೈನಿ ಫಸ್ಟ್ ಆಫೀಸರ್ (ತರಬೇತಿಯ ಕೋ-ಪೈಲಟ್) ಹುದ್ದೆಗೆ ಅರ್ಜಿ ಹಾಕಿದ್ದೇನೆ, ಎರಡು ತಿಂಗಳಲ್ಲಿ ಕರೆ ಬರಬಹುದು. ಏನು ಓದಬೇಕು? ಟೆಕ್ನಿಕಲ್‌ನಲ್ಲಿ ಎಷ್ಟು ಆಳಕ್ಕೆ ಕೇಳುತ್ತಾರೆ? ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ, ಅದಕ್ಕೇನು ಮಾಡಲಿ? ಸ್ವಂತ ಖರ್ಚಿನಲ್ಲಿ ಎ320 ಟೈಪ್ ರೇಟಿಂಗ್ (ಏರ್‌ಬಸ್ಸಿನ ಆ ಮಾದರಿಯ ಜೆಟ್ ಹಾರಿಸುವ ಅರ್ಹತೆ) ಮುಗಿಸಿಕೊಂಡೇ ಹೋಗಬೇಕೇ?

ಉತ್ತರ: ಎರಡು ತಿಂಗಳು ಸಾಕು. ಆದರೆ ಲೈಸೆನ್ಸಿನ ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ಪರೀಕ್ಷೆಗೆ ಓದಿದ ರೀತಿಯಲ್ಲೇ ಇದಕ್ಕೂ ಓದಿದರೆ ಆರು ತಿಂಗಳೂ ಸಾಲದು. ಡಿಜಿಸಿಎ ಪತ್ರಿಕೆಗೆ ಶೇ 70 ಅಂಕ ಬೇಕು, ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಮುಗಿಯಿತು. ಹಳೆಯ ಪ್ರಶ್ನೆಗಳ ಸಂಗ್ರಹವನ್ನು ಬಾಯಿಪಾಠ ಮಾಡಿ ದಾಟಿದವರು ಬಹಳ ಜನ ಇದ್ದಾರೆ. ಏರ್‌ಲೈನ್‌ನ ತಾಂತ್ರಿಕ ಸಂದರ್ಶನದಲ್ಲಿ ಎದುರಿಗೆ ಕೂತ ಕ್ಯಾಪ್ಟನ್ ಮೊದಲ ಪ್ರಶ್ನೆಯನ್ನು ಸುಲಭವಾಗಿಯೇ ಕೇಳುತ್ತಾರೆ. ನೀವು ಉತ್ತರ ಹೇಳುತ್ತಿದ್ದಂತೆ ‘ಯಾಕೆ?’ ಎನ್ನುತ್ತಾರೆ. ಅದಕ್ಕೂ ಹೇಳಿದರೆ ಇನ್ನೊಂದು ‘ಯಾಕೆ?’. ಬಾಯಿಪಾಠ ಮಾಡಿದವರು ಎರಡನೆಯ ‘ಯಾಕೆ’ಗೇ ಮುಗ್ಗರಿಸುತ್ತಾರೆ. ನಿಮ್ಮ ತಯಾರಿಯೆಲ್ಲ ಆ ಎರಡನೆಯ, ಮೂರನೆಯ ‘ಯಾಕೆ’ಗಾಗಿ ಇರಬೇಕು.

ಆಯ್ಕೆಯ ಹಂತಗಳು ಕಂಪನಿಯಿಂದ ಕಂಪನಿಗೆ ಹಿಂದೆ ಮುಂದೆ ಆಗುತ್ತವೆ, ಒಂದೆರಡು ಹಂತ ಇಲ್ಲದೆಯೂ ಇರಬಹುದು. ಸಾಮಾನ್ಯವಾಗಿ ಇರುವುದು ಇಷ್ಟು: ದಾಖಲೆ ಪರಿಶೀಲನೆ, ಬಹು ಆಯ್ಕೆಯ ಲಿಖಿತ ಪರೀಕ್ಷೆ, ಕಂಪ್ಯೂಟರ್ ಮೇಲಿನ ಸಾಮರ್ಥ್ಯ ಮತ್ತು ವ್ಯಕ್ತಿತ್ವ ಪರೀಕ್ಷೆ, ಗುಂಪು ಚಟುವಟಿಕೆ, ಸಿಮ್ಯುಲೇಟರ್ ಚೆಕ್, ತಾಂತ್ರಿಕ ಹಾಗೂ ಎಚ್‌ಆರ್ ಸಂದರ್ಶನ, ಕೊನೆಗೆ ವೈದ್ಯಕೀಯ ತಪಾಸಣೆ. ಲಿಖಿತ ಪರೀಕ್ಷೆಯ ವಿಷಯಗಳು ನೀವು ಓದಿದವೇ: ನ್ಯಾವಿಗೇಷನ್, ಮೆಟಿಯೊರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್. ಜೊತೆಗೆ ಜೆಟ್ ವಿಮಾನದ ಪರ್ಫಾರ್ಮೆನ್ಸ್ ಸೇರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಪರೀಕ್ಷೆಯ ಸೂಚನೆಯಲ್ಲಿ ಮೊದಲು ನೋಡಿಕೊಳ್ಳಿ. ಊಹಿಸಿ ಗುರುತು ಹಾಕುವುದೋ ಬಿಡುವುದೋ ಅದರ ಮೇಲೆ ನಿಂತಿರುತ್ತದೆ.

ಓದು ಎಲ್ಲಿಂದ ಶುರು ಮಾಡಬೇಕು ಎಂದರೆ, ನೀವೇ ಹಾರಿಸಿದ ವಿಮಾನ ಮತ್ತು ನೀವೇ ಹಾರಿದ ನಿಲ್ದಾಣದಿಂದ. ಬಹಳಷ್ಟು ಅಭ್ಯರ್ಥಿಗಳು ಎ320ರ ಹೈಡ್ರಾಲಿಕ್ಸ್ ಓದಿಕೊಂಡು ಹೋಗಿರುತ್ತಾರೆ, ತಾವು ಇನ್ನೂರು ಗಂಟೆ ಹಾರಿಸಿದ ಸೆಸ್ನಾದ ಫ್ಲಾಪ್ ವಿದ್ಯುತ್ತಿನಿಂದ ನಡೆಯುತ್ತದೋ ಎಣ್ಣೆಯ ಒತ್ತಡದಿಂದಲೋ ಎಂದರೆ ತಡಬಡಾಯಿಸುತ್ತಾರೆ. ಮಂಡಳಿಗೆ ಇದು ಕೆಟ್ಟ ಗುರುತು. ಇನ್ನೂರು ಗಂಟೆ ಕೂತ ಯಂತ್ರದ ಬಗ್ಗೆ ಕುತೂಹಲವಿಲ್ಲದವರು ಮುಂದಿನ ಯಂತ್ರವನ್ನು ಹೇಗೆ ಕಲಿತಾರು ಎಂದು ಅವರು ಯೋಚಿಸುತ್ತಾರೆ.

ಸಾಂಬ್ರಾ ನಿಲ್ದಾಣ ಸಮುದ್ರಮಟ್ಟದಿಂದ 2,487 ಅಡಿ ಎತ್ತರದಲ್ಲಿದೆ. ಈ ಒಂದು ಅಂಕಿಯಿಂದ ಅರ್ಧ ಗಂಟೆಯ ಸಂದರ್ಶನ ನಡೆಸಬಹುದು. ‘ಏಪ್ರಿಲ್ ಮಧ್ಯಾಹ್ನ, ಹೊರಗಿನ ಉಷ್ಣತೆ 36 ಡಿಗ್ರಿ, ಕ್ಯೂಎನ್‌ಎಚ್ 1013. ಡೆನ್ಸಿಟಿ ಆಲ್ಟಿಟ್ಯೂಡ್ ಎಷ್ಟು?’ ಕ್ಯೂಎನ್‌ಎಚ್ ಎಂದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ, ಡೆನ್ಸಿಟಿ ಆಲ್ಟಿಟ್ಯೂಡ್ ಎಂದರೆ ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ. ಲೆಕ್ಕ ಹೀಗೆ. ಐಎಸ್‌ಎ (ಪ್ರಮಾಣಿತ ವಾತಾವರಣ) ಪ್ರಕಾರ ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ 1.98 ಡಿಗ್ರಿ ಇಳಿತ. ಆ ಎತ್ತರದಲ್ಲಿ ಇರಬೇಕಾದದ್ದು ಸುಮಾರು 10 ಡಿಗ್ರಿ, ಇರುವುದು 36. ವ್ಯತ್ಯಾಸ 26 ಡಿಗ್ರಿ. ಪ್ರತಿ ಡಿಗ್ರಿಗೆ 120 ಅಡಿಯಂತೆ 3,120 ಅಡಿ. ಕ್ಯೂಎನ್‌ಎಚ್ 1013 ಆದ್ದರಿಂದ ಪ್ರೆಷರ್ ಆಲ್ಟಿಟ್ಯೂಡ್ (1013ರ ಒತ್ತಡದಿಂದ ಅಳೆದ ಎತ್ತರ) ಎಂದರೆ ನಿಲ್ದಾಣದ ಎತ್ತರವೇ. ಕೂಡಿಸಿದರೆ ಸುಮಾರು 5,600 ಅಡಿ. ವಿಮಾನಕ್ಕೆ ತಾನು 5,600 ಅಡಿ ಎತ್ತರದ ನೆಲದಿಂದ ಏಳುತ್ತಿದ್ದೇನೆ ಎಂಬ ಲೆಕ್ಕ.

ಇಲ್ಲಿಂದ ‘ಯಾಕೆ’ಗಳ ಏಣಿ ಶುರು. ‘ಹಾಗಾದರೆ ರೊಟೇಟ್ ಮಾಡುವ (ಮೂತಿ ಎತ್ತುವ) ವೇಗ ಹೆಚ್ಚುತ್ತದೆಯೇ?’ ತೋರುವ ವೇಗ ಹೆಚ್ಚುವುದಿಲ್ಲ, 172ಎಸ್ ಆಗಿದ್ದರೆ ಅದೇ 55 ನಾಟ್. ಯಾಕೆ? ಏರ್‌ಸ್ಪೀಡ್ ಇಂಡಿಕೇಟರ್ ಅಳೆಯುವುದು ಡೈನಮಿಕ್ ಪ್ರೆಷರ್ (ಎದುರಿನ ಗಾಳಿಯ ಬಡಿತದ ಒತ್ತಡ) ಅನ್ನು, ರೆಕ್ಕೆಯ ಲಿಫ್ಟ್ (ಎತ್ತುವ ಬಲ) ನಿಂತಿರುವುದೂ ಅದರ ಮೇಲೆಯೇ. ಗಾಳಿ ತೆಳುವಾದರೆ ಎರಡಕ್ಕೂ ಒಂದೇ ಹೊಡೆತ. ಆದರೆ ಅದೇ 55 ನಾಟ್‌ಗೆ ನಿಜವಾದ ವೇಗ ಸುಮಾರು 60 ನಾಟ್ ಆಗಿರುತ್ತದೆ. ನೆಲದ ಮೇಲೆ ಆ ವೇಗ ಮುಟ್ಟಲು ಉದ್ದ ಬೇಕು. ಮೇಲಾಗಿ ಟರ್ಬೊ ಇಲ್ಲದ ಎಂಜಿನ್ ಆ ಸಾಂದ್ರತೆಯಲ್ಲಿ ಶೇ 15ರಿಂದ 17ರಷ್ಟು ಶಕ್ತಿ ಕಳೆದುಕೊಂಡಿರುತ್ತದೆ, ಪ್ರೊಪೆಲ್ಲರ್‌ಗೂ ಹಿಡಿಯಲು ಗಾಳಿ ಕಡಿಮೆ. ಓಟ ಉದ್ದವಾಗುವುದು ಈ ಮೂರೂ ಕಾರಣ ಸೇರಿ. ಒಂದನ್ನೇ ಹೇಳಿ ನಿಲ್ಲಿಸಬೇಡಿ. ‘ಮಿಕ್ಸ್ಚರ್ ಏನು ಮಾಡುತ್ತೀರಿ?’ ಎಂದು ಕೇಳಿದರೆ ನಿಮ್ಮ ಫ್ಲೈಟ್ ಮ್ಯಾನುಯಲ್ ಏನು ಹೇಳುತ್ತದೋ ಅದನ್ನೇ ಹೇಳಿ, ಕಾರಣದ ಸಮೇತ. ಎಂಜಿನ್ ಸೇರುವ ಗಾಳಿ ಕಡಿಮೆಯಾದಾಗ ಇಂಧನವನ್ನೂ ತಗ್ಗಿಸದಿದ್ದರೆ ಮಿಶ್ರಣ ದಪ್ಪವಾಗಿ ಶಕ್ತಿ ಮತ್ತಷ್ಟು ಬೀಳುತ್ತದೆ.

ಮುಂದಿನ ಮೆಟ್ಟಿಲು ಜೆಟ್. ‘ಇದೇ ರನ್‌ವೇ, ಇದೇ ಬಿಸಿಲು. ಎರಡು ಎಂಜಿನ್ನಿನ ಜೆಟ್ ಎಷ್ಟು ತೂಕ ಹೊತ್ತು ಏಳಬಹುದು ಎಂಬುದನ್ನು ಏನೇನು ನಿರ್ಧರಿಸುತ್ತವೆ?’ ರನ್‌ವೇ ಉದ್ದ, ಸೆಕೆಂಡ್ ಸೆಗ್ಮೆಂಟ್ ಏರಿಕೆ, ಮುಂದಿನ ಅಡೆತಡೆಗಳು, ಟೈರಿನ ವೇಗಮಿತಿ, ಬ್ರೇಕ್ ಹೀರಬಲ್ಲ ಶಾಖ. ಇದರಲ್ಲಿ ಯಾವುದು ಅತ್ಯಂತ ಕಡಿಮೆ ತೂಕ ಹೇಳುತ್ತದೋ ಅದೇ ಅಂದಿನ ಮಿತಿ. ಸೆಕೆಂಡ್ ಸೆಗ್ಮೆಂಟ್ ಎಂದರೆ ಚಕ್ರ ಪೂರ್ತಿ ಒಳಗೆ ಹೋದಲ್ಲಿಂದ ಕನಿಷ್ಠ 400 ಅಡಿವರೆಗೆ, ಒಂದು ಎಂಜಿನ್ ಸತ್ತಿರುವಾಗ, ವಿ-ಟೂ (ಒಂದು ಎಂಜಿನ್ ಹೋದರೂ ಸುರಕ್ಷಿತವಾಗಿ ಏರುವ) ವೇಗದಲ್ಲಿ. ಎರಡು ಎಂಜಿನ್ನಿನ ವಿಮಾನಕ್ಕೆ ಕನಿಷ್ಠ ಗ್ರಾಸ್ ಗ್ರೇಡಿಯಂಟ್ (ಕಡಿತವಿಲ್ಲದ ಏರಿಕೆಯ ಓರೆ) ಶೇ 2.4. ನೆಟ್ (ಸುರಕ್ಷತೆಗಾಗಿ ಕಡಿತ ಮಾಡಿದ) ಲೆಕ್ಕ ಹಾಕುವಾಗ ಇದರಿಂದ ಶೇ 0.8 ಕಳೆಯುತ್ತಾರೆ. ಬಿಸಿಲು ಮತ್ತು ಎತ್ತರ ಎರಡೂ ಸೇರಿದ ಕಡೆ ಬಹಳ ಸಲ ಈ ಸೆಗ್ಮೆಂಟೇ ಕೈ ಕಟ್ಟಿಹಾಕುತ್ತದೆ.

ವಿ-ವನ್ ಬಗ್ಗೆ ಕೇಳದ ಸಂದರ್ಶನ ಇಲ್ಲವೆಂದೇ ಇಟ್ಟುಕೊಳ್ಳಿ. ‘ನಿರ್ಧಾರದ ವೇಗ’ ಎಂದು ಹೇಳಿ ಸುಮ್ಮನಾದರೆ ಉತ್ತರ ಅರ್ಧ, ಅದೂ ತಪ್ಪು ದಾರಿಗೆ ಎಳೆಯುವ ಅರ್ಧ. ನಿರ್ಧಾರ ಅದಕ್ಕೂ ಮೊದಲೇ ಆಗಿರಬೇಕು. ವಿಮಾನ ನಿಲ್ಲಿಸುವ ಮೊದಲ ಕ್ರಿಯೆ ಶುರುವಾಗಲೇಬೇಕಾದ ಗರಿಷ್ಠ ವೇಗ ಅದು. ಅಲ್ಲಿಂದ ಮುಂದಕ್ಕೆ ಒಂದು ಎಂಜಿನ್ ಹೋದರೂ ಹೊರಟೇಬಿಟ್ಟು ರನ್‌ವೇ ಅಂತ್ಯದಲ್ಲಿ ಸ್ಕ್ರೀನ್ ಎತ್ತರ (ಅಲ್ಲಿ ಇರಲೇಬೇಕಾದ ಕನಿಷ್ಠ ಎತ್ತರ) ಮುಟ್ಟಬಹುದು. ಒಣ ರನ್‌ವೇಯಲ್ಲಿ ಆ ಎತ್ತರ 35 ಅಡಿ, ಒದ್ದೆಯಾದಾಗ 15 ಅಡಿ. ‘ಮಳೆ ಬಂದರೆ ವಿ-ವನ್ ಏನಾಗುತ್ತದೆ?’ ಕಡಿಮೆಯಾಗುತ್ತದೆ. ಒದ್ದೆ ನೆಲದಲ್ಲಿ ನಿಲ್ಲಲು ಜಾಸ್ತಿ ದೂರ ಬೇಕು, ಹಾಗಾಗಿ ನಿಲ್ಲುವ ತೀರ್ಮಾನ ಬೇಗ ಆಗಬೇಕು. ಆ ಬೇಗದ ವೇಗದಲ್ಲಿ ಎಂಜಿನ್ ಹೋದರೆ ಮುಂದೆ ವೇಗ ಪಡೆಯುವ ಓಟ ಉದ್ದವಾಗುತ್ತದೆ. ಅದಕ್ಕಾಗಿಯೇ ಸ್ಕ್ರೀನ್ ಎತ್ತರವನ್ನು 15 ಅಡಿಗೆ ಇಳಿಸಿದ್ದಾರೆ. ಈ ಮೂರು ವಾಕ್ಯಗಳ ಸರಪಳಿ ನಿಮ್ಮ ಬಾಯಿಂದ ಬಂದರೆ ಕ್ಯಾಪ್ಟನ್ ಬೇರೆ ವಿಷಯಕ್ಕೆ ಹೋಗುತ್ತಾರೆ.

ಅದೇ ಮಳೆಯಿಂದ ಹೈಡ್ರೊಪ್ಲೇನಿಂಗ್, ಅಂದರೆ ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ಜಾರುವುದು. ಟೈರ್ ಒತ್ತಡವನ್ನು ಪಿಎಸ್‌ಐನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ಅದು ಶುರುವಾಗುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 200 ಪಿಎಸ್‌ಐ ಟೈರಿಗೆ ಸುಮಾರು 127 ನಾಟ್. ತಿರುಗದ ಚಕ್ರಕ್ಕೆ ಗುಣಕ 7.7. ಇಳಿಯುವಾಗ ನೆಲ ಮುಟ್ಟಿದ ಚಕ್ರ ಇನ್ನೂ ತಿರುಗಲು ಶುರುವಾಗಿರುವುದಿಲ್ಲ. ಆದ್ದರಿಂದ ಲ್ಯಾಂಡಿಂಗ್ ಪ್ರಶ್ನೆಯಲ್ಲಿ ಈ ಎರಡನೆಯ ಅಂಕಿಯೇ ಮುಖ್ಯ. ಇದನ್ನು ಬಹಳ ಜನ ಮರೆಯುತ್ತಾರೆ.

ಸಿಸ್ಟಮ್‌ಗಳಿಗೂ ಇದೇ ದಾರಿ ಹಿಡಿಯಿರಿ. ಸೆಸ್ನಾದಲ್ಲಿ ಹಾರುತ್ತಿರುವಾಗ ಮಾಸ್ಟರ್ ಸ್ವಿಚ್ ಆಫ್ ಮಾಡಿದರೆ ಎಂಜಿನ್ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಕಿಡಿ ಕೊಡುವ ಮ್ಯಾಗ್ನೆಟೊಗಳು ಎಂಜಿನ್ ತಿರುಗುವುದರಿಂದಲೇ ವಿದ್ಯುತ್ ಮಾಡಿಕೊಳ್ಳುತ್ತವೆ. ಹಾಗಾದರೆ ಏನೇನು ಹೋಗುತ್ತದೆ? ಹಳೆಯ ಡಯಲ್‌ಗಳ ವಿಮಾನವಾದರೆ ರೇಡಿಯೊ, ಫ್ಲಾಪ್, ಟರ್ನ್ ಕೋಆರ್ಡಿನೇಟರ್ ಹೋಗುತ್ತವೆ. ವ್ಯಾಕ್ಯೂಮ್ ಪಂಪಿನಿಂದ ನಡೆಯುವ ಆಟಿಟ್ಯೂಡ್ ಮತ್ತು ಹೆಡಿಂಗ್ ಇಂಡಿಕೇಟರ್ ಉಳಿಯುತ್ತವೆ. ಹೊರಗಿನ ಗಾಳಿಯ ಒತ್ತಡ ಹಿಡಿಯುವ ಸ್ಟ್ಯಾಟಿಕ್ ರಂಧ್ರ ಮುಚ್ಚಿದರೆ? ಆಲ್ಟಿಮೀಟರ್ (ಎತ್ತರ ತೋರುವ ಡಯಲ್) ನಿಂತಲ್ಲೇ ನಿಲ್ಲುತ್ತದೆ, ವಿಎಸ್‌ಐ (ಏರುವ ಇಳಿಯುವ ದರದ ಡಯಲ್) ಸೊನ್ನೆ ತೋರುತ್ತದೆ, ಏರ್‌ಸ್ಪೀಡ್ ಏರುವಾಗ ಕಡಿಮೆ, ಇಳಿಯುವಾಗ ಹೆಚ್ಚು ತೋರುತ್ತದೆ. ಎದುರುಗಾಳಿಯ ಒತ್ತಡ ಹಿಡಿಯುವ ಪಿಟೊ ನಳಿಗೆಯೂ ಅದರ ನೀರು ಬಸಿಯುವ ತೂತೂ ಎರಡೂ ಮುಚ್ಚಿದರೆ ಏರ್‌ಸ್ಪೀಡ್ ಇಂಡಿಕೇಟರ್ ಆಲ್ಟಿಮೀಟರಿನಂತೆ ವರ್ತಿಸುತ್ತದೆ: ಏರಿದಷ್ಟೂ ವೇಗ ಹೆಚ್ಚಿದಂತೆ ಕಾಣುತ್ತದೆ. ಇಲ್ಲಿಂದ ಮಾತು 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ 228 ಜನರನ್ನು ಬಲಿ ತೆಗೆದುಕೊಂಡ ಏರ್ ಫ್ರಾನ್ಸ್ 447ಕ್ಕೆ ಹೋಗಬಹುದು. ಹಿಮದ ಹರಳು ಪಿಟೊ ಮುಚ್ಚಿ ವೇಗದ ಅಂಕಿ ಕೈಕೊಟ್ಟಿತು, ಮೂತಿಯನ್ನು ಎತ್ತಿಯೇ ಹಿಡಿದದ್ದರಿಂದ ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆ ಲಿಫ್ಟ್ ಕಳೆದುಕೊಂಡಿತು. ‘ನೀವಿದ್ದರೆ?’ ಎಂದರೆ ಉತ್ತರ ಚಿಕ್ಕದು: ಗೊತ್ತಿರುವ ಪಿಚ್ (ಮೂತಿಯ ಕೋನ), ಗೊತ್ತಿರುವ ಪವರ್ ಇಟ್ಟು ರೆಕ್ಕೆ ಸಮ ಮಾಡುವುದು, ಆಮೇಲೆ ಚೆಕ್‌ಲಿಸ್ಟ್.

ಏರ್‌ಲೈನ್ ಹಾರಿಸುವ ವಿಮಾನದ ಬಗ್ಗೆ ಮೇಲ್ನೋಟದ ಅರಿವಿದ್ದರೆ ಸಾಕು. ಎ320 ಆದರೆ ಹಸಿರು, ನೀಲಿ, ಹಳದಿ ಎಂಬ ಮೂರು ಹೈಡ್ರಾಲಿಕ್ ವ್ಯವಸ್ಥೆ, ತಲಾ 3,000 ಪಿಎಸ್‌ಐ. ನಾರ್ಮಲ್, ಆಲ್ಟರ್ನೇಟ್, ಡೈರೆಕ್ಟ್ ಎಂಬ ಮೂರು ಕಂಟ್ರೋಲ್ ಲಾ (ಪೈಲಟ್ಟಿನ ಕೈಚಲನೆಯನ್ನು ಕಂಪ್ಯೂಟರ್ ಎಷ್ಟು ನಿಯಂತ್ರಿಸುತ್ತದೆ ಎಂಬ ಕ್ರಮ). ಟರ್ಬೊಫ್ಯಾನ್‌ನ ಎನ್1, ಎನ್2 ಎಂದರೆ ಏನು, ಬೈಪಾಸ್ ರೇಷಿಯೊ ಏಕೆ ಹೆಚ್ಚಿಸುತ್ತಾರೆ. ಎಟಿಆರ್ (ಪ್ರೊಪೆಲ್ಲರಿನ ವಿಮಾನ) ಹಾರಿಸುವ ಕಂಪನಿಗೆ ಹೋಗುವುದಾದರೆ ಟರ್ಬೊಪ್ರಾಪ್ ಮತ್ತು ಐಸಿಂಗ್ ಕಡೆಗೆ ಒತ್ತು ಕೊಡಿ. ಹಿಂದಕ್ಕೆ ಬಾಗಿದ ರೆಕ್ಕೆಯ ಗುಣದೋಷ, ಕ್ರಿಟಿಕಲ್ ಮ್ಯಾಕ್, ಡಚ್ ರೋಲ್ ಮತ್ತು ಯಾ ಡ್ಯಾಂಪರ್ ಇವು ಯಾವ ಜೆಟ್ ಕಂಪನಿಯಲ್ಲೂ ಬರುತ್ತವೆ. ಇದಕ್ಕಿಂತ ಆಳದ್ದನ್ನು ಟೈಪ್ ರೇಟಿಂಗಿನಲ್ಲಿ ಅವರೇ ಕಲಿಸುತ್ತಾರೆ.

ಹವಾಮಾನದ ಪಾಠಕ್ಕೆ ನಮ್ಮ ಮೂರು ಜಿಲ್ಲೆಗಳಿಗಿಂತ ಒಳ್ಳೆಯ ಭೂಪಟ ಸಿಗಲಿಕ್ಕಿಲ್ಲ. ನೈಋತ್ಯ ಮಾರುತ ಘಟ್ಟ ಹತ್ತುವಾಗ ತಣಿದು ಖಾನಾಪುರದ ಕಡೆ ಸುರಿದುಬಿಡುತ್ತದೆ, ಬೆಳಗಾವಿಗೆ ಜಿಟಿಜಿಟಿ ಮಳೆ ಮತ್ತು ತಗ್ಗಿನ ಮೋಡ ಕೊಡುತ್ತದೆ, ಬಾಗಲಕೋಟೆ, ವಿಜಯಪುರಕ್ಕೆ ಬರುವಷ್ಟರಲ್ಲಿ ಒಣಗಿರುತ್ತದೆ. ಓರೊಗ್ರಾಫಿಕ್ ಲಿಫ್ಟ್, ಮಳೆನೆರಳು, ಸ್ಟ್ರೇಟಸ್ ಮೋಡ ಎಲ್ಲವೂ ಒಂದೇ ಉದಾಹರಣೆಯಲ್ಲಿ ಬಂದವು. ಜುಲೈನ ಬೆಳಗಿನ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಒಂದನ್ನು ಎದುರಿಗಿಟ್ಟು ಓದಿಸುತ್ತಾರೆ ಎಂದುಕೊಳ್ಳಿ: ಗಾಳಿ 250 ಡಿಗ್ರಿಯಿಂದ 12 ನಾಟ್, ಗೋಚರತೆ 2,000 ಮೀಟರ್, ತುಂತುರು, 800 ಅಡಿಯಲ್ಲಿ ಬ್ರೋಕನ್ (ಆಕಾಶದ ಅರ್ಧಕ್ಕಿಂತ ಹೆಚ್ಚು ಮುಚ್ಚಿದ) ಮೋಡ, ಉಷ್ಣತೆ 22, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 21. ಓದುವುದಷ್ಟೇ ಸಾಲದು. ಉಷ್ಣತೆ ಮತ್ತು ಡ್ಯೂ ಪಾಯಿಂಟ್ ನಡುವೆ ಒಂದೇ ಡಿಗ್ರಿ ಇರುವುದರಿಂದ ಗೋಚರತೆ ಇನ್ನೂ ಕುಸಿಯಬಹುದು, ಆಲ್ಟರ್ನೇಟ್ (ಬದಲಿ ನಿಲ್ದಾಣ) ತಲುಪುವ ಇಂಧನ ಬೇಕೇಬೇಕು, ಘಟ್ಟದಿಂದ ದೂರದ, ಒಣ ಪ್ರದೇಶದ ಆಲ್ಟರ್ನೇಟ್ ಹುಡುಕುತ್ತೇನೆ ಎಂದು ಹೇಳುವವರೆಗೂ ಉತ್ತರ ಮುಗಿಯಲಿಲ್ಲ. ಇನ್ನೊಂದು ಸೂಕ್ಷ್ಮ: ಮೆಟಾರ್‌ನ ಗಾಳಿಯ ದಿಕ್ಕು ಟ್ರೂ (ಭೌಗೋಳಿಕ ಉತ್ತರದಿಂದ ಅಳೆದದ್ದು), ಟವರ್ ಹೇಳುವ ಗಾಳಿಯದು ಮ್ಯಾಗ್ನೆಟಿಕ್ (ದಿಕ್ಸೂಚಿಯ ಉತ್ತರದಿಂದ). ನಮ್ಮ ಭಾಗದಲ್ಲಿ ಎರಡರ ವ್ಯತ್ಯಾಸ ತೀರಾ ಕಡಿಮೆ, ಆದರೂ ಕೇಳುತ್ತಾರೆ.

ಕೃತ್ತಿಕಾ, ರೋಹಿಣಿ ಮಳೆಗಳ ಹೊತ್ತಿನ ಸಂಜೆ ಗುಡುಗುಮೋಡ ನಿಮಗೆ ಹೊಸದಲ್ಲ. ಅದರ ಮೂರು ಹಂತ, ಪ್ರೌಢ ಹಂತದಲ್ಲಿ ಏರುಗಾಳಿ ಇಳಿಗಾಳಿ ಎರಡೂ ಒಟ್ಟಿಗೆ ಇರುವುದು, ಮೈಕ್ರೊಬರ್ಸ್ಟ್ (ಮೋಡದಿಂದ ರಭಸವಾಗಿ ಇಳಿದು ನೆಲದಲ್ಲಿ ಹರಡುವ ಗಾಳಿ) ಹೊಕ್ಕರೆ ಮೊದಲು ಎದುರುಗಾಳಿಯಿಂದ ವೇಗ ಹೆಚ್ಚಿದಂತೆ ಕಂಡು, ಆಮೇಲೆ ಕೆಳಕ್ಕೆ ಒತ್ತಿ, ಕೊನೆಗೆ ಹಿಂಗಾಳಿ ವೇಗವನ್ನು ಕಿತ್ತುಕೊಳ್ಳುವುದು ಇವನ್ನು ಚಿತ್ರ ಬರೆದು ವಿವರಿಸುವಷ್ಟು ತಿಳಿದುಕೊಳ್ಳಿ. ಮೊದಲ ಹಂತದಲ್ಲಿ ‘ವೇಗ ಹೆಚ್ಚಾಯಿತು’ ಎಂದು ಥ್ರಸ್ಟ್ (ಎಂಜಿನ್ನಿನ ನೂಕುಬಲ) ತೆಗೆಯುವುದೇ ಕೊಲ್ಲುವ ತಪ್ಪು. ಪರೀಕ್ಷಕರು ಕಾಯುವುದು ಆ ವಾಕ್ಯಕ್ಕೆ.

ಮನಸ್ಸಿನಲ್ಲೇ ಮಾಡುವ ಲೆಕ್ಕವನ್ನು ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ಮಾಡಿ. ಕಾಗದ ಬೇಡ, ಕ್ಯಾಲ್ಕ್ಯುಲೇಟರ್ ಬೇಡ. ಸಾಂಬ್ರಾದ ರನ್‌ವೇ 26 (ದಿಕ್ಕು 260 ಡಿಗ್ರಿ), ಗಾಳಿ 290 ಡಿಗ್ರಿಯಿಂದ 20 ನಾಟ್: ಕೋನ 30, ಅರ್ಧ ಎಂದರೆ ಅಡ್ಡಗಾಳಿ 10 ನಾಟ್, ಬಲಗಡೆಯಿಂದ. 45 ಡಿಗ್ರಿಗೆ 0.7, 60 ಡಿಗ್ರಿಗೆ 0.9. ಇಳಿಯುವ ಲೆಕ್ಕ: ಕಳೆದುಕೊಳ್ಳಬೇಕಾದ ಸಾವಿರ ಅಡಿಗಳನ್ನು ಮೂರರಿಂದ ಗುಣಿಸಿದರೆ ನಾಟಿಕಲ್ ಮೈಲು. 35,000 ಅಡಿಯಿಂದ ಸಾಂಬ್ರಾದ ನೆಲದ ಮೇಲೆ ಸುಮಾರು 1,500 ಅಡಿಗೆ, ಅಂದರೆ 4,000 ಅಡಿಗೆ ಬರಬೇಕು. 31ರ ಮೂರು ಪಟ್ಟು 93, ವೇಗ ತಗ್ಗಿಸಲು ಇನ್ನೊಂದು ಹತ್ತು. ಇಲ್ಲಿ ಆ 4,000 ಅಡಿ ಕಳೆಯುವುದನ್ನು ಮರೆತು 105 ಎನ್ನುವವರೇ ಹೆಚ್ಚು. ಮೂರು ಡಿಗ್ರಿ ಗ್ಲೈಡ್‌ನಲ್ಲಿ ಇಳಿಯುವ ದರ ಎಂದರೆ ಗ್ರೌಂಡ್‌ಸ್ಪೀಡಿನ ಐದು ಪಟ್ಟು: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. 40 ಮೈಲು ಹಾರಿ 4 ಮೈಲು ದಾರಿ ತಪ್ಪಿದ್ದರೆ ಅರವತ್ತಕ್ಕೊಂದು ನಿಯಮದಂತೆ (60 ಮೈಲಿಗೆ 1 ಮೈಲು ತಪ್ಪಿದರೆ 1 ಡಿಗ್ರಿ) 6 ಡಿಗ್ರಿ. ಕ್ಯೂಎನ್‌ಎಚ್ 1003 ಇರುವಾಗ 1013 ಹಾಕಿಕೊಂಡಿದ್ದರೆ, ಒಂದು ಹೆಕ್ಟೊಪಾಸ್ಕಲ್‌ಗೆ 30 ಅಡಿಯಂತೆ ಆಲ್ಟಿಮೀಟರ್ 300 ಅಡಿ ಹೆಚ್ಚು ತೋರುತ್ತದೆ, ವಿಮಾನ ಅಷ್ಟು ಕೆಳಗಿದೆ.

ಕಂಪ್ಯೂಟರ್ ಸಾಮರ್ಥ್ಯ ಪರೀಕ್ಷೆಗಳು ಬೇರೆ ಬೇರೆ ಹೆಸರಿನವು. ಕಾಂಪಾಸ್, ಅಡಾಪ್ಟ್ ಅಂಥವು. ಜಾಯ್‌ಸ್ಟಿಕ್ಕಿನಿಂದ ಗುರಿ ಹಿಡಿಯುತ್ತಲೇ ಕಿವಿಯಲ್ಲಿ ಬರುವ ಅಂಕಿಗಳಿಗೆ ಸ್ಪಂದಿಸುವುದು, ಅಂಕಿಗಳ ಸಾಲು ನೆನಪಿಡುವುದು, ದಿಕ್ಕು ಗುರುತಿಸುವುದು. ಅಗ್ಗದ ಜಾಯ್‌ಸ್ಟಿಕ್ ಒಂದನ್ನು ತಂದು ಒಂದೆರಡು ವಾರ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ, ಅದಕ್ಕಿಂತ ಹೆಚ್ಚು ಕಾಲ ಸುರಿಯುವುದರಿಂದ ಲಾಭ ಕಡಿಮೆ. ಒಂದು ಕೆಲಸದಲ್ಲಿ ಪರಿಪೂರ್ಣರಾಗಿ ಇನ್ನೊಂದನ್ನು ಪೂರ್ತಿ ಬಿಡುವುದಕ್ಕಿಂತ ಎರಡನ್ನೂ ಸುಮಾರಾಗಿ ನಡೆಸುವುದು ಮೇಲು. ವ್ಯಕ್ತಿತ್ವ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ನಾಲ್ಕು ಸಲ ಕೇಳಿ ಉತ್ತರ ತಾಳೆಯಾಗುತ್ತದೆಯೇ ನೋಡುತ್ತಾರೆ. ‘ಆದರ್ಶ ಪೈಲಟ್’ ವೇಷ ಹಾಕಿದವರು ಅಲ್ಲೇ ಸಿಕ್ಕಿಬೀಳುತ್ತಾರೆ, ಇದ್ದಂತೆ ಉತ್ತರಿಸಿ.

ಸಿಮ್ಯುಲೇಟರ್ ಚೆಕ್ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀವು ಎ320 ಹಾರಿಸಬಲ್ಲಿರಾ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಹೇಳಿಕೊಟ್ಟದ್ದನ್ನು ಎರಡನೆಯ ಸಲ ಸುಧಾರಿಸಿಕೊಳ್ಳುತ್ತೀರಾ, ಸ್ಕ್ಯಾನ್ (ಎಲ್ಲ ಉಪಕರಣಗಳ ಮೇಲೂ ಕಣ್ಣಾಡಿಸುವ ರೂಢಿ) ಇದೆಯೇ, ಪಕ್ಕದವರ ಜೊತೆ ಮಾತಾಡುತ್ತೀರಾ ಎಂದು ನೋಡುತ್ತಾರೆ. ಬ್ರೀಫಿಂಗ್‌ನಲ್ಲಿ ಕೊಡುವ ಪಿಚ್ ಮತ್ತು ಪವರ್ ಅಂಕಿಗಳನ್ನು ಬರೆದುಕೊಂಡು ಬಾಯಿಗೆ ತಂದುಕೊಳ್ಳಿ. ಕೊಡದಿದ್ದರೆ ಕೇಳಿ. ಸೆಸ್ನಾದಿಂದ ಬಂದವರು ಮಾಡುವ ತಪ್ಪು ಒಂದೇ: ಸೂಜಿಯ ಬೆನ್ನು ಹತ್ತುವುದು. ಜೆಟ್ ಎಂದರೆ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಇದ್ದಂತೆ, ವೇಗ ಹಿಡಿಯುವುದೂ ತಡ, ಬಿಡುವುದೂ ತಡ, ಮುಂದಾಗಿ ಯೋಚಿಸಿದವರಿಗೆ ಮಾತ್ರ ಮಾತು ಕೇಳುತ್ತದೆ. 140 ನಾಟ್‌ನಲ್ಲಿ ಪಿಚ್ ಒಂದು ಡಿಗ್ರಿ ಬದಲಾದರೆ ಇಳಿಯುವ ದರ ನಿಮಿಷಕ್ಕೆ ಸುಮಾರು 230 ಅಡಿ ಬದಲಾಗುತ್ತದೆ. ಹಾಗಾಗಿ ಗ್ಲೈಡ್‌ಸ್ಲೋಪ್ (ಇಳಿಯುವ ಓರೆದಾರಿ) ಸ್ವಲ್ಪ ತಪ್ಪಿದರೆ ಅರ್ಧ ಡಿಗ್ರಿ, ಹೆಚ್ಚೆಂದರೆ ಒಂದು ಡಿಗ್ರಿ ತಿದ್ದಿ ಕಾಯಿರಿ. ಬೋಯಿಂಗ್ 737 ಸಿಮ್ ಆದರೆ ಥ್ರಸ್ಟ್ ಕೊಟ್ಟಾಗ ಮೂತಿ ಏಳುತ್ತದೆ, ತೆಗೆದಾಗ ಬೀಳುತ್ತದೆ. ಪ್ರತಿ ಬದಲಾವಣೆಗೂ ಟ್ರಿಮ್ (ಕೈಯ ಮೇಲಿನ ಒತ್ತಡ ಇಳಿಸುವ ಹೊಂದಾಣಿಕೆ) ಬೇಕು. ಹೋಲ್ಡಿಂಗ್ (ಆಕಾಶದಲ್ಲಿ ಸುತ್ತುತ್ತ ಕಾಯುವುದು) ಪ್ರವೇಶದ ಮೂರು ವಿಧಗಳು, 14,000 ಅಡಿವರೆಗೆ ಔಟ್‌ಬೌಂಡ್ ಒಂದು ನಿಮಿಷ, ಅದರ ಮೇಲೆ ಒಂದೂವರೆ ನಿಮಿಷ ಎನ್ನುವುದು ನಾಲಿಗೆಯ ತುದಿಯಲ್ಲಿರಲಿ. ಹಾರದೆ ಕೆಲವು ತಿಂಗಳಾಗಿದ್ದರೆ ಚೆಕ್‌ಗೆ ಮೊದಲು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಒಂದೆರಡು ಸಿಮ್ ಸೆಷನ್ ತೆಗೆದುಕೊಳ್ಳಿ, ಆಟೊಪೈಲಟ್ ಇಲ್ಲದೆ, ಫ್ಲೈಟ್ ಡೈರೆಕ್ಟರ್ (ಎತ್ತ ತಿರುಗಿಸಬೇಕೆಂದು ಪರದೆಯಲ್ಲಿ ತೋರುವ ಗೆರೆಗಳು) ಆಫ್ ಮಾಡಿ. ಖರ್ಚು ಮಾಡಬೇಕಾದ ಕಡೆ ಇದು.

ಈಗ ಎಚ್‌ಆರ್ ಎಂದು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಭಾಗ. ‘ಕ್ಯಾಪ್ಟನ್ ತಪ್ಪು ಮಾಡಿದರೆ?’ ಎಂಬ ಪ್ರಶ್ನೆ ಯಾವುದೋ ರೂಪದಲ್ಲಿ ಬಂದೇ ಬರುತ್ತದೆ. ಹಿರಿಯರಿಗೆ ಎದುರಾಡಬಾರದು ಎಂದು ಕಲಿತು ಬೆಳೆದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದು ಕಷ್ಟದ ಪ್ರಶ್ನೆ. ‘ನಾನು ಗೌರವದಿಂದ ಸೂಚಿಸುತ್ತೇನೆ, ಮುಂದೆ ಅವರ ನಿರ್ಧಾರ’ ಎಂದು ಹೇಳಿ ಎದ್ದು ಬರುತ್ತಾರೆ. ಅದು ತಪ್ಪು ಉತ್ತರ. 2010ರ ಮೇ 22ರ ಮಂಗಳೂರು ವಿಮಾನ ದುರಂತದ ತನಿಖಾ ವರದಿಯನ್ನು ಪೂರ್ತಿ ಓದಿ. ಕ್ಯಾಪ್ಟನ್ ಹಾರಾಟದ ಬಹುಹೊತ್ತು ನಿದ್ದೆಯಲ್ಲಿದ್ದರು, ಎದ್ದ ಮೇಲೂ ಮಂಪರು ಇತ್ತು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬಂತು. ಕೋ-ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಎಂದರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ಊರಿತು. 158 ಜನ ಸತ್ತರು, ಎಂಟು ಜನ ಉಳಿದರು. ಕೂಗಿದ್ದು ಸರಿಯಾಗಿತ್ತು. ಕೈಯಲ್ಲಿ ಕ್ರಿಯೆ ಬರಲಿಲ್ಲ.

ಆದ್ದರಿಂದ ನಿಮ್ಮ ಉತ್ತರಕ್ಕೆ ಮೆಟ್ಟಿಲುಗಳಿರಲಿ. ಮೊದಲು ವಿಚಾರಿಸುವ ಧಾಟಿ: ‘ಕ್ಯಾಪ್ಟನ್, ನಾವು ಎತ್ತರದಲ್ಲಿದ್ದೇವೆ ಅನಿಸುತ್ತದೆ, ನೋಡುತ್ತೀರಾ?’ ಆಮೇಲೆ ಎಚ್ಚರಿಕೆ, ಅಂಕಿಯ ಸಮೇತ. ಆಮೇಲೆ ಕಂಪನಿಯ ನಿಯಮದ ಪದಗಳಲ್ಲೇ ‘ಅನ್‌ಸ್ಟೇಬಲ್, ಗೋ ಅರೌಂಡ್’. ಮೋಡದಲ್ಲಿದ್ದರೆ 1,000 ಅಡಿಗೆ, ಹೊರಗೆ ಸ್ಪಷ್ಟವಿದ್ದರೆ 500 ಅಡಿಗೆ ವಿಮಾನ ಸ್ಥಿರವಾಗಿರಬೇಕು ಎಂಬುದು ಹೆಚ್ಚಿನ ಕಂಪನಿಗಳ ಗೆರೆ. ಎರಡು ಸಲ ಕರೆದರೂ ಸ್ಪಂದನೆ ಇಲ್ಲದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಎಂದು ಕಂಟ್ರೋಲ್ ತೆಗೆದುಕೊಂಡು ಗೋ ಅರೌಂಡ್ ಮಾಡುವುದು. ಕೊನೆಯ ಮೆಟ್ಟಿಲನ್ನು ಅಳುಕದೆ ಹೇಳಿ. ಅದೇ ಎಳೆಯಲ್ಲಿ ದಣಿವಿನ ನಿಯಮಗಳನ್ನೂ ಓದಿಕೊಳ್ಳಿ. 2025ರಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಮದ್ಯದ ವಿಷಯದಲ್ಲಿ ನಿಯಮ ಬಿಗಿ: ಹಾರಾಟಕ್ಕೆ ಮೊದಲ 12 ಗಂಟೆ ಮುಟ್ಟುವಂತಿಲ್ಲ, ಉಸಿರು ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು.

ಇಂಗ್ಲಿಷ್ ಬಗ್ಗೆ. ಲೈಸೆನ್ಸಿಗೆ ಬೇಕಾದ ಇಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಾಲ್ಕನೇ ಹಂತದ ಇಂಗ್ಲಿಷ್ ನಿಮ್ಮಲ್ಲಿ ಈಗಾಗಲೇ ಇದೆ, ಅಂದರೆ ಭಾಷೆ ಬರುತ್ತದೆ. ತಡವರಿಕೆ ಬರುವುದು ಹೆಚ್ಚಾಗಿ ವಿಷಯವನ್ನು ಇಂಗ್ಲಿಷ್ ವಾಕ್ಯವಾಗಿ ನೆನಪಿಟ್ಟಿರುವುದರಿಂದ. ಒಂದು ಪದ ಮರೆತರೆ ಇಡೀ ಸಾಲು ಕಳಚುತ್ತದೆ. ಒಂದೊಂದು ವಿಷಯವನ್ನೂ ಮೊದಲು ಕನ್ನಡದಲ್ಲಿ, ವಿಮಾನದ ಗಂಧವಿಲ್ಲದ ಮನೆಯವರಿಗೆ ಅರ್ಥವಾಗುವಂತೆ ಹೇಳಿ. ಅವರಿಗೆ ತಿಳಿದರೆ ನಿಮಗೂ ತಿಳಿದಿದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ವಾಕ್ಯದಲ್ಲಿ ನೇರ ಉತ್ತರ, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ ಉದಾಹರಣೆ, ಅಲ್ಲಿಗೆ ನಿಲ್ಲಿಸಿ. ಉಚ್ಚಾರಣೆಯಲ್ಲಿ ನಮ್ಮ ಕಡೆಯ ಗತ್ತು ಇದ್ದರೆ ಇರಲಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಊಹಿಸಿ ಕಟ್ಟಿದ ಉತ್ತರ ಮುಂದಿನ ಪ್ರಶ್ನೆಯಲ್ಲೇ ಬಯಲಾಗುತ್ತದೆ, ಆಮೇಲೆ ಸರಿಯಾಗಿ ಹೇಳಿದ್ದರ ಮೇಲೂ ನಂಬಿಕೆ ಹೋಗುತ್ತದೆ.

ಎಂಟು ವಾರಗಳನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ ಮೂರು ವಾರ ನಿಮ್ಮ ವಿಮಾನದ ಮ್ಯಾನುಯಲ್ ಮತ್ತು ಮೂಲ ವಿಷಯಗಳು, ಮುಂದಿನ ಎರಡು ವಾರ ಜೆಟ್ ಪರ್ಫಾರ್ಮೆನ್ಸ್ ಮತ್ತು ಹವಾಮಾನ, ಆರನೆಯದರಲ್ಲಿ ಸಾಮರ್ಥ್ಯ ಪರೀಕ್ಷೆಯ ಅಭ್ಯಾಸದ ಜೊತೆ ಸಿಮ್, ಉಳಿದ ಎರಡರಲ್ಲಿ ಬರೀ ಮಾತಿನ ಅಭ್ಯಾಸ. ನಿಮ್ಮಂತೆಯೇ ಕರೆಗೆ ಕಾಯುತ್ತಿರುವ ಇಬ್ಬರು ಸೇರಿ ಒಬ್ಬರನ್ನೊಬ್ಬರು ‘ಯಾಕೆ’ ಕೇಳುತ್ತ ಕೂತರೆ ಯಾವ ಕೋಚಿಂಗಿಗೂ ಕಡಿಮೆಯಿಲ್ಲ.

ದಾಖಲೆಗಳಲ್ಲಿ ಎಡವುವುದು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಅದು ಪೂರ್ತಿ ತಪ್ಪಿಸಬಹುದಾದದ್ದು. ಲಾಗ್‌ಬುಕ್ಕಿನ ಪ್ರತಿ ಪುಟದ ಮೊತ್ತ ಮುಂದಿನ ಪುಟಕ್ಕೆ ಸರಿಯಾಗಿ ಹೋಗಿದೆಯೇ, ಇಜಿಸಿಎಯಲ್ಲಿ (ಡಿಜಿಸಿಎಯ ಜಾಲತಾಣ) ಇರುವ ಗಂಟೆಗಳಿಗೂ ಅದಕ್ಕೂ ತಾಳೆಯಿದೆಯೇ, ಪಿಐಸಿ (ನೀವೇ ಹೊಣೆ ಹೊತ್ತು ಹಾರಿಸಿದ), ರಾತ್ರಿ, ಇನ್‌ಸ್ಟ್ರುಮೆಂಟ್ ಗಂಟೆಗಳು ಬೇರೆ ಬೇರೆ ಕೂಡಿಸಿದರೆ ಅರ್ಜಿಯಲ್ಲಿ ಬರೆದಷ್ಟೇ ಬರುತ್ತವೆಯೇ ನೋಡಿ. ಹಾರದ ಗಂಟೆ ಒಂದೂ ಅದರಲ್ಲಿ ಇರಕೂಡದು. ‘ಈ ದಿನ ಎಲ್ಲಿಗೆ ಹೋಗಿದ್ದಿರಿ, ಹವಾಮಾನ ಹೇಗಿತ್ತು?’ ಎಂದು ಪುಟ ತೆರೆದು ಕೇಳುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್, ಲೈಸೆನ್ಸ್ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಮಾಮೂಲು. ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಲು ಶುರುಮಾಡಿ. ಕ್ಲಾಸ್ ಒನ್ ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡರ ಅವಧಿಯೂ ಸಂದರ್ಶನದ ದಿನಾಂಕ ದಾಟಿ ಇರಲಿ. ಇಂಡಿಗೊ, ಏರ್ ಇಂಡಿಯಾ ಎರಡರ ಕೇಂದ್ರ ಕಚೇರಿಯೂ ಗುರುಗ್ರಾಮದಲ್ಲಿದೆ. ಅಲ್ಲಿಗೆ ಕರೆ ಬಂದರೆ ಒಂದು ದಿನ ಮೊದಲೇ ತಲುಪಿ. ಮಳೆಗಾಲದಲ್ಲಿ ಬೆಳಗಾವಿಯಿಂದ ಹೊರಡುವ ವಿಮಾನವನ್ನು ನಂಬಿ ಅದೇ ಬೆಳಗ್ಗೆ ಹೊರಡಬೇಡಿ.

ಟೈಪ್ ರೇಟಿಂಗ್: ಈಗ ಬೇಡ. ಜಾಹೀರಾತಿನಲ್ಲಿ ಟೈಪ್ ರೇಟಿಂಗ್ ಕಡ್ಡಾಯ ಎಂದು ಬರೆದಿದ್ದರೆ ಮಾತ್ರ ಯೋಚಿಸಿ, ನೀವು ಅರ್ಜಿ ಹಾಕಿರುವುದು ಟ್ರೈನಿ ಹುದ್ದೆಗೆ. ಆ ರೇಟಿಂಗಿಗೆ ಊರ್ಜಿತದ ಅವಧಿ ಇದೆ, ಮಾಡಿಸಿಕೊಂಡು ಹಾರದೆ ಕೂತರೆ ಮತ್ತೆ ಹಣ ಸುರಿದು ಉಳಿಸಿಕೊಳ್ಳಬೇಕು. ಹೊಲದ ಮೇಲೆ ಸಾಲ ತೆಗೆದು ಒಂದು ಮಾದರಿಯ ರೇಟಿಂಗ್ ಮಾಡಿಸಿ, ಆಮೇಲೆ ಬೇರೆ ಮಾದರಿ ಹಾರಿಸುವ ಕಂಪನಿಯಿಂದ ಕರೆ ಬಂದರೆ ಆ ಹಣಕ್ಕೆ ಅರ್ಥವಿಲ್ಲ. ‘ಹಣ ಕೊಟ್ಟರೆ ಸೀಟು ಖಚಿತ’ ಎನ್ನುವ ಮಧ್ಯವರ್ತಿಯ ಫೋನ್ ಬಂದರೆ ಇಟ್ಟುಬಿಡಿ. ನೇಮಕಾತಿಯ ಸೂಚನೆ ಏರ್‌ಲೈನ್‌ನ ಸ್ವಂತ ಜಾಲತಾಣದಲ್ಲಿ ಬರುತ್ತದೆ, ಅರ್ಜಿಯೂ ಅಲ್ಲೇ. ಆಯ್ಕೆಯಾದ ಮೇಲೆ ತರಬೇತಿ ವೆಚ್ಚ ಮತ್ತು ಬಾಂಡಿನ ಕರಾರು ಕೈಗೆ ಬರುತ್ತದೆ. ಎಷ್ಟು ವರ್ಷದ ಬಾಂಡ್, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ತರಬೇತಿಯಲ್ಲಿ ಫೇಲಾದರೆ ವೆಚ್ಚ ಯಾರ ಮೇಲೆ ಎಂಬ ಮೂರು ಕಲಮುಗಳನ್ನು ವಕೀಲರೊಬ್ಬರಿಗೆ ತೋರಿಸಿ, ಮನೆಯವರ ಜೊತೆ ಕೂತು ಓದಿ, ಆಮೇಲೆ ಸಹಿ ಹಾಕಿ.